ಸೀಟು ಸಿಕ್ಕರೆ ಸಾಕೇ?

ವಿಕಲಚೇತನ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಸೀಟು ಸಿಕ್ಕರೆ ಎಲ್ಲವೂ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ನಿಜವಾದ ಕಷ್ಟ ಆರಂಭವಾಗುವುದೇ ಆನಂತರ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರಿ ಹಾಗೂ ಅನುದಾನಿತ ಕಾಲೇಜುಗಳಲ್ಲಿ ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5 ಸೀಟುಗಳನ್ನು ಕಾದಿರಿಸಿದೆ. ಕಾನೂನು ಗುರುತಿಸುವ ವೈಕಲ್ಯಗಳು 7ರಿಂದ 21ಕ್ಕೇರಿದವು. ಕಲಿಕಾ ನ್ಯೂನತೆಯೂ ಅವುಗಳಲ್ಲಿ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲಗಳಿಗೂ ಅವಕಾಶವಿದೆ. 2018ರ ಕೇಂದ್ರ ಮಾರ್ಗಸೂಚಿಯು ಅರ್ಹರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದಿತು.

ಆದರೆ ಶೇ. 40ರ ಸರ್ಟಿಫಿಕೇಟ್ ಇಲ್ಲದವರ ಗತಿಯೇನು? 2021ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿದೆ. ಬರೆಯುವಾಗ ಕೈ ಸೆಳೆತದಿಂದ ಬಳಲುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣವದು. ಶೇ. 40 ಎಂಬುದು ಮೀಸಲಾತಿಯ ಅಳತೆಗೋಲು. ಅಷ್ಟು ವೈಕಲ್ಯವಿಲ್ಲ ಎಂಬ ಕಾರಣಕ್ಕೆ ಬರೆದುಕೊಡುವವರ ನೆರವು ನಿರಾಕರಿಸುವಂತಿಲ್ಲ ಎಂದಿತು ನ್ಯಾಯಾಲಯ. ಅಂದರೆ ಇದು ದಯೆಯಲ್ಲ, ಹಕ್ಕು.

ಆದರೆ ತೀರ್ಪು ತಾನಾಗಿಯೇ ಪರೀಕ್ಷಾ ಕೊಠಡಿಗೆ ನಡೆದು ಬರುವುದಿಲ್ಲ. ಪ್ರವೇಶದ ದಿನವೇ "ನಿಮಗೆ ಏನು ಅಗತ್ಯವಿದೆ?" ಎಂದು ಕೇಳಿ, ಅದನ್ನು ಪರೀಕ್ಷೆಯವರೆಗೂ ನೋಡಿಕೊಳ್ಳುವ ಒಬ್ಬ ಅಧ್ಯಾಪಕರಾದರೂ ಪ್ರತಿ ಕಾಲೇಜಿನಲ್ಲಿರಬೇಕು. ಕರಾವಳಿಯಲ್ಲಿ ಧರ್ಮಸಭೆಯೂ ಕಾಲೇಜುಗಳನ್ನು ನಡೆಸುತ್ತಿದೆ. ಸರಕಾರವನ್ನು ದೂರುವ ಮೊದಲು ನಮ್ಮ ಕಚೇರಿಗಳಲ್ಲಿ ಈ ಪ್ರಶ್ನೆ ಕೇಳುವವರು ಇದ್ದಾರೆಯೇ ಎಂದು ನೋಡಿಕೊಳ್ಳೋಣ.