ಏರ್‌ಪೋರ್ಟ್ ನಡೆಸೋಕೆ ಕಾರ್ಪೊರೇಷನ್‌ಗೆ ಬರಲ್ವಾ?

ಆನ್‌ಸೈಟ್ ಮುಗಿಸಿ ಬಂದವರ ಬಾಯಲ್ಲಿ ಒಂದು ಮಾತು ಖಾಯಂ. "ಅಲ್ಲಿ ಏರ್‌ಪೋರ್ಟ್ ಎಲ್ಲಾ ಪ್ರೈವೇಟ್ ಮಗಾ, ಅದಕ್ಕೇ ಅಷ್ಟು ಚೆನ್ನಾಗಿರೋದು. ನಮ್ಮ ಬಿಬಿಎಂಪಿ ಕೈಗೆ ಕೊಟ್ಟಿದ್ರೆ ರನ್‌ವೇಲೂ ಗುಂಡಿ ಇರ್ತಿತ್ತು." ಎಲ್ಲರೂ ನಗ್ತಾರೆ. ಗುಂಡಿಯ ಜೋಕು ಪರವಾಗಿಲ್ಲ, ನಾನೂ ನಗ್ತೀನಿ. ಆದರೆ ಆ ಮೊದಲನೇ ವಾಕ್ಯ ಇದೆಯಲ್ಲ, ಅದು ಶುದ್ಧ ಸುಳ್ಳು.

ನೀವು ಇಳಿದ ಏರ್‌ಪೋರ್ಟುಗಳನ್ನೇ ತಗೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನ ಮಾಲೀಕ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ. ಮೇಯರ್ ನೇಮಿಸುವ 5 ಜನರ ಕಮಿಷನ್ ಅದನ್ನು ನೋಡಿಕೊಳ್ಳುತ್ತೆ. ಲಾಸ್ ಏಂಜಲಿಸ್‌ನಲ್ಲಿ 7 ಜನ. ಮೇಯರ್ ಹೆಸರು ಕೊಡಬೇಕು, ಕೌನ್ಸಿಲ್ ಒಪ್ಪಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ಪ್ರಯಾಣಿಕರು ಓಡಾಡೋ ಅಟ್ಲಾಂಟಾ ಏರ್‌ಪೋರ್ಟ್ ಅಲ್ಲಿನ ನಗರಾಡಳಿತದ ಒಂದು ಇಲಾಖೆ, ಅಷ್ಟೇ. ನಮ್ಮಲ್ಲಿ ಬೀದಿದೀಪದ ವಿಭಾಗ ಇದ್ದ ಹಾಗೆ ಅಲ್ಲಿ ವಿಮಾನದ ವಿಭಾಗ. ಷಿಕಾಗೋ, ಡೆನ್ವರ್ ಕತೆಯೂ ಇದೇ. ಷಿಕಾಗೋದ ಮಿಡ್‌ವೇ ಏರ್‌ಪೋರ್ಟನ್ನು ಖಾಸಗಿಯವರಿಗೆ ಗುತ್ತಿಗೆ ಕೊಡೋಕೆ ಎರಡು ಸಲ ಹೊರಟರು. 2009ರಲ್ಲಿ ಒಂದು ಸಲ ಮುರಿದುಬಿತ್ತು, 2013ರಲ್ಲಿ ಇನ್ನೊಂದು ಸಲ. ಬಂಡವಾಳಶಾಹಿಯ ತವರುಮನೆಯಲ್ಲೇ ದೊಡ್ಡ ಏರ್‌ಪೋರ್ಟುಗಳು ಇವತ್ತಿಗೂ ಸಾರ್ವಜನಿಕ ಆಸ್ತಿ.

ನನಗೆ ಬಹಳ ಇಷ್ಟವಾದದ್ದು ಷಾರ್ಲೆಟ್ ಜಗಳ. ಬ್ಯಾಂಕ್ ಪ್ರಾಜೆಕ್ಟಲ್ಲಿ ಕೆಲಸ ಮಾಡಿದ ನಮ್ಮ ಹುಡುಗರಿಗೆ ಆ ಊರು ಚೆನ್ನಾಗಿ ಗೊತ್ತು, ಆದರೆ ಜಗಳ ಗೊತ್ತಿಲ್ಲ. 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡೋ ಸರ್ಕಾರಿ ಯೋಜನೆಯ ದುಡ್ಡಲ್ಲಿ ಕಟ್ಟಿದ ಏರ್‌ಪೋರ್ಟ್ ಅದು. ನರೇಗಾದಲ್ಲಿ ರನ್‌ವೇ ಹಾಕಿದ ಹಾಗೆ ಅಂದ್ಕೊಳ್ಳಿ. ಅದರ ಹಿಂದೆ ಬಿದ್ದು ಕೆಲಸ ಮಾಡಿಸಿದವರು ಮೇಯರ್ ಬೆನ್ ಡಗ್ಲಸ್. ಮುಂದೆ ಅದಕ್ಕೆ ಅವರ ಹೆಸರೇ ಇಟ್ಟರು. ದಶಕಗಳ ಕಾಲ ನಗರವೇ ನಡೆಸಿತು, ಬೆಳೆಸಿತು, ದೊಡ್ಡ ಏರ್‌ಲೈನ್ಸ್ ಹಬ್ ಆಯ್ತು.

2013ರಲ್ಲಿ ರಾಜ್ಯದ ಶಾಸಕಾಂಗಕ್ಕೆ ಅದರ ಮೇಲೆ ಕಣ್ಣು ಬಿತ್ತು. ನಗರದ ಕೈಯಿಂದ ಕಿತ್ತು ಒಂದು ಸ್ವತಂತ್ರ ಪ್ರಾಧಿಕಾರಕ್ಕೆ ಕೊಡಬೇಕು ಅಂತ ಜುಲೈಯಲ್ಲಿ ಕಾಯ್ದೆ ಮಾಡಿತು. ಕೊಟ್ಟ ಕಾರಣ ನಮಗೆ ಚೆನ್ನಾಗಿ ಪರಿಚಯ ಇರೋದೇ: ರಾಜಕಾರಣಿಗಳು ಕೈ ಹಾಕಿ ಕೆಡಿಸ್ತಾರೆ, ಬಲ್ಲವರ ಕೈಯಲ್ಲಿರಲಿ. (ಈ ಮಾತು ಹೇಳಿದವರೂ ರಾಜಕಾರಣಿಗಳೇ, ಅದು ಬೇರೆ ವಿಷಯ.) ನಗರದವರು ಅವತ್ತೇ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಕಾಲು ಶತಮಾನದಿಂದ ಏರ್‌ಪೋರ್ಟ್ ನಡೆಸಿದ್ದ ನಿರ್ದೇಶಕ ಜೆರ್ರಿ ಆರ್ ಅವರ ಕೆಲಸವೂ ಅವತ್ತೇ ಹೋಯ್ತು. ರಾಜೀನಾಮೆ ಕೊಟ್ಟರೋ, ತೆಗೆದುಹಾಕಿದರೋ ಅಂತ ಅದರ ಮೇಲೆ ಇನ್ನೊಂದು ಜಗಳ. ಶಾಸಕಾಂಗ ಕಾಯ್ದೆ ತಿದ್ದಿ, ಪ್ರಾಧಿಕಾರದ ಬದಲು ಕಮಿಷನ್ ಅಂತ ಹೆಸರು ಬದಲಾಯಿಸಿ ಮತ್ತೆ ಬಂತು. ಕೊನೆಗೆ 2014ರಲ್ಲಿ ನ್ಯಾಯಾಧೀಶರು, ಕೇಂದ್ರ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಇಲ್ಲದೆ ಕಮಿಷನ್ ಏರ್‌ಪೋರ್ಟ್ ನಡೆಸುವಂತಿಲ್ಲ ಅಂದರು. ಲೈಸೆನ್ಸ್ ಇದ್ದದ್ದು ನಗರದ ಹೆಸರಲ್ಲಿ. ಏರ್‌ಪೋರ್ಟ್ ಇವತ್ತಿಗೂ ನಗರದ್ದೇ.

ಇಲ್ಲಿ ಇನ್ನೊಂದು ಪಾಲೂ ಹೇಳಬೇಕು. ನಗರವೇ ದುಡ್ಡು ಕೊಟ್ಟು ಕರೆಸಿದ್ದ ಸಲಹೆಗಾರರು ಕೂಡ ಸ್ವತಂತ್ರ ಪ್ರಾಧಿಕಾರ ಒಳ್ಳೇದು ಅಂತಲೇ ವರದಿ ಕೊಟ್ಟಿದ್ದರು. ಅಟ್ಲಾಂಟಾದಲ್ಲಂತೂ ಏರ್‌ಪೋರ್ಟ್ ಅಂಗಡಿಗಳ ಗುತ್ತಿಗೆಯಲ್ಲಿ ಲಂಚ ತಿಂದ ಮಾಜಿ ಕೌನ್ಸಿಲರ್ ಒಬ್ಬರಿಗೆ 1994ರಲ್ಲಿ ಶಿಕ್ಷೆಯೇ ಆಯ್ತು. 2019ರಲ್ಲಿ ಅಲ್ಲೂ ರಾಜ್ಯದವರು ಏರ್‌ಪೋರ್ಟ್ ಕಿತ್ತುಕೊಳ್ಳೋಕೆ ಹೊರಟಾಗ ಈ ಭ್ರಷ್ಟಾಚಾರದ ಮಾತೇ ಮುಂದೆ ಬಂತು. ಸೆನೆಟ್‌ನಲ್ಲಿ ಮಸೂದೆ ಪಾಸೂ ಆಯ್ತು, ಕಾನೂನಾಗಲಿಲ್ಲ. ಹಾಗಾಗಿ ನಗರದ ಕೈಯಲ್ಲಿದ್ದರೆ ಎಲ್ಲಾ ಹಾಲು ಸಕ್ಕರೆ ಅಂತ ನಾನು ಹೇಳ್ತಿಲ್ಲ. ಆದರೆ ಅದೇ ಅಟ್ಲಾಂಟಾದಲ್ಲಿ, 1970ರ ದಶಕದಲ್ಲಿ, ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ ಹಠ ಹಿಡಿದು ಹೊಸ ಟರ್ಮಿನಲ್ಲಿನ ಕಾಂಟ್ರಾಕ್ಟುಗಳಲ್ಲಿ ಕಾಲು ಭಾಗದಷ್ಟು ಅಲ್ಪಸಂಖ್ಯಾತರ ಕಂಪನಿಗಳಿಗೆ ಕೊಡಿಸಿದರು. ಕೆಲಸ ನಿಧಾನ ಆಗುತ್ತೆ ಅಂತ ದೊಡ್ಡವರೆಲ್ಲ ಗೊಣಗಿದರು. 1980ರಲ್ಲಿ ಟರ್ಮಿನಲ್ ತೆರೆದೇ ತೆರೀತು. ಆ ಕೆಲಸ ಓಟಿಗೆ ನಿಂತ ಮನುಷ್ಯನಿಂದಲೇ ಆಗಬೇಕಿತ್ತು. ಷೇರುದಾರರ ಸಭೆಯಲ್ಲಿ ಅಂಥ ಠರಾವು ಯಾರು ತರ್ತಾರೆ ಹೇಳಿ?

ನಮ್ಮೂರಲ್ಲಿ ವರ್ಷಕ್ಕೊಮ್ಮೆ ಸಂತೆ ಸುಂಕದ ಹರಾಜು ಆಗುತ್ತೆ. ಪಂಚಾಯ್ತಿ ಕಟ್ಟೆ ಮುಂದೆ, ಎಲ್ಲರ ಎದುರಿಗೆ. ಒಳಗೊಳಗೆ ಕೂಡಿಕೊಂಡು ಕಡಿಮೆ ಸವಾಲು ಕೂಗೋದೂ ಉಂಟು, ಮೆಂಬರ್ರು ಕಡೆಯವನಿಗೆ ಸಿಗೋದೂ ಉಂಟು. ಆದರೆ ಎಷ್ಟಕ್ಕೆ ಹೋಯ್ತು, ಯಾರಿಗೆ ಹೋಯ್ತು ಅನ್ನೋದು ಸೊಪ್ಪು ಮಾರೋ ಅಜ್ಜಿಗೂ ಗೊತ್ತಿರುತ್ತೆ. ಸುಂಕ ಜಾಸ್ತಿ ಕೇಳಿದರೆ ಆಕೆ ಮೆಂಬರ್ ಮನೆ ಬಾಗಿಲಿಗೇ ಹೋಗಿ ಬೈದು ಬರ್ತಾಳೆ. ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಒಂದು ದೋಸೆಗೆ ಇಷ್ಟು ಯಾಕೆ ಅಂತ ಕೇಳೋಕೆ ಬಿಇ ಓದಿದ ನೀವು ಯಾರ ಮನೆ ಬಾಗಿಲಿಗೆ ಹೋಗ್ತೀರಿ?

ನಮ್ಮ ಏರ್‌ಪೋರ್ಟಿನ ಲೆಕ್ಕ ನೋಡಿ. 2008ರ ಮೇ ತಿಂಗಳಲ್ಲಿ ಶುರುವಾಯ್ತು. ಸುಮಾರು 4,000 ಎಕರೆ ಜಮೀನು ರಾಜ್ಯ ಸರ್ಕಾರ ಕೊಟ್ಟಿದ್ದು. ಕಂಪನಿಯಲ್ಲಿ ರಾಜ್ಯದ ಪಾಲು 13%, ಕೇಂದ್ರದ ಏರ್‌ಪೋರ್ಟ್ ಪ್ರಾಧಿಕಾರದ್ದು 13%, ಉಳಿದದ್ದು ಖಾಸಗಿ. ನಗರದ ಪಾಲು? ಸೊನ್ನೆ. ಹೆಸರು ಮಾತ್ರ ನಗರ ಕಟ್ಟಿದ ಕೆಂಪೇಗೌಡರದ್ದು. ಏರ್‌ಪೋರ್ಟ್ ಇರೋದು ದೇವನಹಳ್ಳಿಯಲ್ಲಿ, ಕಾರ್ಪೊರೇಷನ್ನಿಗೂ ಅದಕ್ಕೂ ಏನು ಸಂಬಂಧ ಅಂತೀರಾ? ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಕೂಡ ಆ ನಗರದ ಗಡಿ ಆಚೆ, ಪಕ್ಕದ ಸ್ಯಾನ್ ಮಟೇಯೊ ಕೌಂಟಿಯಲ್ಲಿದೆ.

ಪ್ರಯಾಣಿಕರ ಮೇಲಿನ ಶುಲ್ಕ ನಿಗದಿ ಮಾಡೋಕೆ ದೆಹಲಿಯಲ್ಲಿ ನಿಯಂತ್ರಣ ಪ್ರಾಧಿಕಾರ ಇದೆ, ಅದು ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತೆ, ನಿಜ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಏರ್‌ಪೋರ್ಟ್ ಕಮಿಷನ್ನಿನ ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮುಂಚೆ ಹಾಕಲೇಬೇಕು, ಬಂದ ಯಾವನೇ ಆಗಲಿ ಮೈಕ್ ಹಿಡಿದು ಮಾತಾಡಬಹುದು. ಟ್ಯಾಕ್ಸಿ ಡ್ರೈವರೂ ಮಾತಾಡ್ತಾನೆ, ಶಬ್ದಕ್ಕೆ ನಿದ್ದೆ ಬರಲ್ಲ ಅನ್ನೋ ಮುದುಕರೂ ಮಾತಾಡ್ತಾರೆ.

"ನಮ್ಮ ಕಾರ್ಪೊರೇಟರುಗಳನ್ನ ನೋಡಿದ್ದೀರಾ?" ಅಂತ ಕೇಳ್ತೀರಿ. ಎಲ್ಲಿ ನೋಡೋದು ಸ್ವಾಮಿ? 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಮಾಡಲಿಲ್ಲ. ಅಷ್ಟೂ ವರ್ಷ ನಗರ ನಡೆಸಿದ್ದು ಅಧಿಕಾರಿಗಳು, ನೀವು ಬಯಸೋ "ಬಲ್ಲವರು". ಗುಂಡಿ ಮುಚ್ಚಿತಾ? ಕೈ ಕಾಲು ಕಟ್ಟಿಹಾಕಿ, ಆಮೇಲೆ ಓಡೋಕೆ ಬರಲ್ಲ ಇವನಿಗೆ ಅಂತ ನಗೋದು ಯಾವ ನ್ಯಾಯ?

ಈಗ ಎರಡನೇ ಏರ್‌ಪೋರ್ಟಿಗೆ ಕನಕಪುರ ರಸ್ತೆ ಕಡೆ, ನೆಲಮಂಗಲದ ಕಡೆ ಜಾಗ ನೋಡಿದ್ದಾರೆ. 150 ಕಿಲೋಮೀಟರ್ ಒಳಗೆ ಇನ್ನೊಂದು ಏರ್‌ಪೋರ್ಟ್ ಬರಬಾರದು ಅನ್ನೋ ಹಳೇ ಕರಾರು 2033ಕ್ಕೆ ಮುಗಿಯುತ್ತೆ. ಕರಾರಿಗೆ ಸಹಿ ಹಾಕುವಾಗ ನಗರವನ್ನು ಯಾರೂ ಕೇಳಿರಲಿಲ್ಲ. ಹೊಸ ಕಂಪನಿ ಮಾಡುವಾಗ ಕೇಳಬೇಕು: ಪಾಲಿನಲ್ಲಿ ಒಂದಿಷ್ಟು ನಗರಾಡಳಿತದ ಹೆಸರಿಗೆ ಬರೀಬೇಕು, ಬೋರ್ಡಿನಲ್ಲಿ ಮೇಯರ್‌ಗೆ ಕುರ್ಚಿ ಇರಬೇಕು, ಜಮೀನು ಹೋಗೋ ಪಂಚಾಯ್ತಿಯವರಿಗೂ ಒಂದು ಕುರ್ಚಿ, ಮೀಟಿಂಗ್ ಬಾಗಿಲು ತೆರೆದಿರಬೇಕು. ಇದಕ್ಕೆ ರಾಕೆಟ್ ಸೈನ್ಸ್ ಬೇಡ, ಕರಾರಿನಲ್ಲಿ ನಾಲ್ಕು ಸಾಲು ಸಾಕು. ಆ ನಾಲ್ಕು ಸಾಲನ್ನ ಸಹಿ ಬೀಳೋ ಮುಂಚೆ ಕೇಳಬೇಕು, ಆಮೇಲೆ 25 ವರ್ಷ ಕಾಯೋ ಹಾಗಾಗುತ್ತೆ.