ಬೆಳಿಗ್ಗೆ ನೋಡೋಣ ಎಂಬ ಉದಾಸೀನ

ಎತ್ತಿಕೊಂಡ ಕೂಡಲೇ ನಾಯಿ ಚೀರಿದರೆ ‘ಗ್ಯಾಸ್ ಆಗಿರಬೇಕು’ ಎನ್ನುತ್ತೀರಿ. ಸೋಫಾ ಹತ್ತಲು ಹಿಂಜರಿದರೆ ‘ವಯಸ್ಸಾಯಿತು’ ಎನ್ನುತ್ತೀರಿ. ಅದಕ್ಕೆ ಆಗಿರುವುದು ಬರೀ ಐದು ವರ್ಷ. ನಡೆಯುವಾಗ ಹಿಂಗಾಲು ತೂರಾಡಿದರೆ ‘ಎಲ್ಲೋ ಉಳುಕಿದೆ, ಬೆಳಿಗ್ಗೆ ನೋಡೋಣ’ ಎಂದು ದೀಪ ಆರಿಸಿ ಮಲಗುತ್ತೀರಿ. ಬೆಳಗಾಗುವಷ್ಟರಲ್ಲಿ ಅದು ಎರಡೂ ಹಿಂಗಾಲನ್ನು ಎಳೆದುಕೊಂಡು ಟೈಲ್ಸಿನ ಮೇಲೆ ತೆವಳುತ್ತಿರುತ್ತದೆ. ಮುಂಬೈಯ ಅಂಧೇರಿಯ ಲೋಖಂಡವಾಲಾದಲ್ಲಾಗಲಿ ಮರೋಲ್‌ನಲ್ಲಾಗಲಿ, ಹೀಗೆ ನಾಯಿಯ ಕಾಲು ಕಳೆದವರು ‘ಇದ್ದಕ್ಕಿದ್ದಂತೆ ಆಗಿಹೋಯಿತು’ ಎಂದೇ ಹೇಳುತ್ತಾರೆ. ಇದ್ದಕ್ಕಿದ್ದಂತೆ ಆದದ್ದಲ್ಲ. ನಾಯಿ ವಾರದಿಂದ ಹೇಳುತ್ತಿತ್ತು. ಕೇಳುವವರು ಇರಲಿಲ್ಲ.

ಅಂಧೇರಿಯಲ್ಲಿ ನೆಲೆಸಿದ ನಮ್ಮ ಕರಾವಳಿಯವರಲ್ಲಿ ಈ ಉದಾಸೀನಕ್ಕೆ ಆಳವಾದ ಬೇರಿದೆ. ಉಡುಪಿ, ಕುಂದಾಪುರದ ಅಂಗಳಗಳಲ್ಲಿ ಬೆಳೆದ ನಾಯಿಗಳನ್ನು ನೋಡಿ ಬಂದವರು ನಾವು. ಅವು ಕುಂಟಿದರೆ ಎರಡು ದಿನ ಹಟ್ಟಿಯ ಮೂಲೆಯಲ್ಲಿ ಬಿದ್ದುಕೊಂಡು, ಮೂರನೆಯ ದಿನ ತಾವೇ ಎದ್ದು ಓಡುತ್ತಿದ್ದವು. ಆ ಉದ್ದಕಾಲಿನ ಊರ ನಾಯಿಯ ಲೆಕ್ಕವನ್ನು ಫ್ಲ್ಯಾಟಿನ ಡ್ಯಾಶ್‌ಹುಂಡ್, ಬೀಗಲ್, ಶಿಹ್ ತ್ಸು, ಫ್ರೆಂಚ್ ಬುಲ್‌ಡಾಗ್‌ಗಳಿಗೆ ಹಚ್ಚುವುದು ಶುದ್ಧ ಅವಿವೇಕ. ಈ ತಳಿಗಳಲ್ಲಿ ಡಿಸ್ಕನ್ನು ಬೇಗ ಕೆಡಿಸುವ ವಂಶವಾಹಿಯೊಂದು ಹರಿದುಬಂದಿದೆ; 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಹನ್ನೆರಡನೆಯ ಕ್ರೋಮೋಸೋಮಿನಲ್ಲಿ ಗುರುತಿಸಿದರು. ಬೆನ್ನುಮೂಳೆಗಳ ನಡುವಿನ ಡಿಸ್ಕಿನ ಲೋಳೆಯಂಥ ತಿರುಳು ನಾಯಿಗೆ ವರ್ಷ ತುಂಬುವ ಹೊತ್ತಿಗೇ ಒಣಗಿ ಸುಣ್ಣಗಟ್ಟತೊಡಗುತ್ತದೆ. ಮುಂದೆ, ಹೆಚ್ಚಾಗಿ ಮೂರರಿಂದ ಏಳು ವರ್ಷದೊಳಗೆ, ಅದು ಹೊರಪದರವನ್ನು ಸೀಳಿಕೊಂಡು ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ. ಸ್ವೀಡನ್ನಿನ ಪಶುವೈದ್ಯ ಹ್ಯಾನ್ಸನ್ 1950ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದರು. ಡ್ಯಾಶ್‌ಹುಂಡ್‌ಗಳಲ್ಲಿ ಸುಮಾರು ಐದಕ್ಕೊಂದು ಈ ಕಾಯಿಲೆಗೆ ತುತ್ತಾಗುತ್ತದೆ. ಸೋಫಾದಿಂದ ಹಾರಲು ಬಿಟ್ಟದ್ದಕ್ಕೆ ಹೀಗಾಯಿತೆಂದು ಮಕ್ಕಳನ್ನು ಗದರಬೇಡಿ. ಹಾರಿದ ದಿನಕ್ಕೆ ಮುಂಚೆಯೇ ಡಿಸ್ಕ್ ಹಾಳಾಗಿತ್ತು.

ಇದಕ್ಕಿಂತ ಕೆಟ್ಟ ಚಾಳಿ ಮನೆಯ ಔಷಧಿ ಡಬ್ಬಿಯದು. ಅಜ್ಜಿಯ ಮಂಡಿನೋವಿಗೆ ತಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಯನ್ನು ಅರ್ಧ ಮುರಿದು ಚಪಾತಿಯಲ್ಲಿ ಸುತ್ತಿ ತಿನ್ನಿಸುತ್ತೀರಿ. ನಾಯಿಯ ಹೊಟ್ಟೆಯಲ್ಲಿ ಅದು ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಮರುದಿನ ಡಾಕ್ಟರರಿಗೆ ಆ ವಿಷಯ ಹೇಳಲು ನಾಚಿಕೆ. ಅವರು ಗೊತ್ತಿಲ್ಲದೆ ಸ್ಟೆರಾಯ್ಡ್ ಚುಚ್ಚಿದರೆ ಕರುಳೇ ತೂತಾದೀತು. ಹಾಗೆಂದು ಕ್ಲಿನಿಕ್ಕಿನವರನ್ನು ಬಿಟ್ಟುಬಿಡಲಾರೆ. ನಡಿಗೆ ನೋಡದೆ, ಪಾದ ಮುಟ್ಟದೆ, ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟು ‘ಮೂರು ದಿನ ಬಿಟ್ಟು ಬನ್ನಿ’ ಎನ್ನುವುದು ವೈದ್ಯವಲ್ಲ. ಬೆನ್ನಿನ ಡಿಸ್ಕ್ ಸಿಡಿದ ನಾಯಿಗೆ ಸ್ಟೆರಾಯ್ಡನ್ನು ರೂಢಿಯಂತೆ ಕೊಡಬಾರದೆಂದು ಅಮೆರಿಕದ ಪಶುವೈದ್ಯ ತಜ್ಞರು 2022ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಸಾದಾ ಎಕ್ಸ್-ರೇ ತೆಗೆಸಿ ‘ಏನೂ ಇಲ್ಲ’ ಎಂದು ನೆಮ್ಮದಿಪಡುವವರೂ ತಿಳಿಯಲಿ: ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಒತ್ತು ಬಿದ್ದಿರುವ ಜಾಗ ಗೊತ್ತಾಗಬೇಕಾದರೆ ಎಂಆರ್‌ಐ ಅಥವಾ ಸಿಟಿ ಬೇಕು.

ಮನೆಯಲ್ಲಿ ನೀವು ನೋಡಬಹುದಾದದ್ದೂ ಇದೆ. ನಾಯಿಯನ್ನು ನಿಲ್ಲಿಸಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮೆಲ್ಲಗೆ ಬೋರಲು ಮಾಡಿ. ಆರೋಗ್ಯವಿದ್ದರೆ ಅದು ತಕ್ಷಣ ತಿರುಗಿಸಿಕೊಳ್ಳುತ್ತದೆ. ತಿರುಗಿಸಿಕೊಳ್ಳದಿದ್ದರೆ ಆ ರಾತ್ರಿಯೇ ಹೊರಡಿ. ಬೆರಳು ಒತ್ತಿದಾಗ ಕಾಲು ಎಳೆದುಕೊಂಡಿತು, ಆದ್ದರಿಂದ ಸ್ಪರ್ಶ ಇದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಬೆನ್ನುಹುರಿ ಪೂರ್ತಿ ಕೆಟ್ಟಿದ್ದರೂ ಕಾಲು ತಾನಾಗಿ ಸೆಳೆದುಕೊಳ್ಳಬಲ್ಲದು. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಆಗ ಮಾತ್ರ ನೋವು ಮೆದುಳಿಗೆ ಮುಟ್ಟುತ್ತಿದೆ ಎಂದರ್ಥ. ಇದನ್ನು ಪರೀಕ್ಷಿಸಿ ನಿರ್ಧರಿಸುವುದು ಡಾಕ್ಟರರ ಕೆಲಸ. ಎಲ್ಲವೂ ನಿಂತಿರುವುದು ಈ ಒಂದರ ಮೇಲೆ. ನೋವಿನ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆ ಆದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂಥವುಗಳಲ್ಲಿ ಕೆಲವಕ್ಕೆ ಬೆನ್ನುಹುರಿಯೇ ಕರಗುತ್ತಾ ಹೋಗಿ ಕೆಲವೇ ದಿನಗಳಲ್ಲಿ ಉಸಿರು ನಿಲ್ಲುತ್ತದೆ. ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಜಾರಲು ಕೆಲವೊಮ್ಮೆ ಒಂದೇ ರಾತ್ರಿ ಸಾಕು.

‘ಎಲ್ಲಿಗೆ ಹೋಗುವುದು?’ ಎಂದು ನಡುರಾತ್ರಿ ಹುಡುಕುವುದೂ ಉದಾಸೀನವೇ. ಪರೇಲ್‌ನಲ್ಲಿ ಬಾಂಬೆ ವೆಟರ್ನರಿ ಕಾಲೇಜು 1886ರಿಂದ ಇದೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆದಿದೆ. ಎರಡೂ ಅಂಧೇರಿಯಿಂದ ದೂರ, ಮತ್ತು ಬಾಂದ್ರಾದಿಂದ ದಕ್ಷಿಣಕ್ಕೆ ರಿಕ್ಷಾಕ್ಕೆ ಪ್ರವೇಶವಿಲ್ಲ. ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಎಂಆರ್‌ಐ ಎಲ್ಲಿದೆ, ನಾಯಿಯನ್ನು ಹತ್ತಿಸಿಕೊಳ್ಳುವ ಟ್ಯಾಕ್ಸಿಯವರು ಯಾರು ಎಂಬುದನ್ನು ಮರಿ ತಂದ ವಾರವೇ ಬರೆದಿಡಬೇಕು. ಒಯ್ಯುವಾಗ ಎದೆ ಮತ್ತು ಸೊಂಟ ಎರಡಕ್ಕೂ ಆಸರೆ ಕೊಟ್ಟು, ಗಟ್ಟಿ ಹಲಗೆಯ ಮೇಲೆ ಮಲಗಿಸಿ.

ಬರೀ ನೋವಷ್ಟೇ ಇದ್ದು ನಡೆಯುವ ನಾಯಿಗೆ ಔಷಧಿ, ವಿಶ್ರಾಂತಿಯಿಂದಲೇ ಗುಣವಾಗಬಹುದು. ಆದರೆ ವಿಶ್ರಾಂತಿ ಎಂದರೆ ಕನಿಷ್ಠ ನಾಲ್ಕು ವಾರ ಪಂಜರದಲ್ಲಿ. ಮೂತ್ರಕ್ಕೆ ಮಾತ್ರ ಬೆಲ್ಟ್ ಕಟ್ಟಿ ಹೊರಗೆ. ಐದನೇ ದಿನ ಅದು ಬಾಲ ಅಲ್ಲಾಡಿಸಿತೆಂದು ‘ಪಾಪ’ ಎನ್ನುತ್ತಾ ಬಿಡುತ್ತೀರಲ್ಲ, ಆ ಕರುಣೆಯೇ ಅದನ್ನು ಕೆಡವುವುದು. ನೋವು ಇಳಿದದ್ದು ಮಾತ್ರೆಯಿಂದ. ಸೀಳಿದ ಡಿಸ್ಕ್ ಇನ್ನೂ ಕೂಡಿರುವುದಿಲ್ಲ.

ಕಾಲು ಬಿದ್ದ ನಾಯಿಗೆ ಮೂತ್ರಕೋಶವೂ ತಾನಾಗಿ ಖಾಲಿಯಾಗದೇ ಇರಬಹುದು. ಹಾಸಿಗೆ ಒದ್ದೆಯಾದರೆ ‘ಮೂತ್ರ ಮಾಡಿತು’ ಎಂದುಕೊಳ್ಳುತ್ತೀರಿ. ಅದು ತುಂಬಿ ಸೋರಿದ್ದು. ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದ ಒತ್ತಿ ತೆಗೆಯುವುದನ್ನು ಡಾಕ್ಟರರಿಂದ ಕಲಿಯಿರಿ, ಮಗ್ಗುಲು ಬದಲಿಸಿ. ಕೆಲಸದವಳ ಮೇಲೆ ಹೊರಿಸುವ ಕೆಲಸವಲ್ಲ ಇದು. ಇಷ್ಟೂ ಮಾಡದೆ ಒಂದೇ ವಾರಕ್ಕೆ ‘ನರಳುವುದನ್ನು ನೋಡಲಾಗುವುದಿಲ್ಲ, ಇಂಜೆಕ್ಷನ್ ಕೊಟ್ಟುಬಿಡಿ’ ಎಂದು ಕೈಚೆಲ್ಲುವವರ ಕಣ್ಣೀರನ್ನು ನಾನು ನಂಬುವುದಿಲ್ಲ. ಹಿಂಗಾಲು ಬಾರದ ಎಷ್ಟೋ ನಾಯಿಗಳು ಚಕ್ರದ ಗಾಡಿ ಕಟ್ಟಿಕೊಂಡು ವರ್ಷಗಟ್ಟಲೆ ಬಾಳುತ್ತವೆ.

ಮರಿ ಕೊಳ್ಳುವ ಹೊತ್ತಿನ ಅಲಕ್ಷ್ಯವೂ ಇಷ್ಟೇ ದೊಡ್ಡದು. ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಡ್ಯಾಶ್‌ಹುಂಡನ್ನು ತಳಿಗೆ ಬಿಡುವ ಮೊದಲು, ಎರಡರಿಂದ ನಾಲ್ಕು ವರ್ಷದ ನಡುವೆ, ಬೆನ್ನಿನ ಎಕ್ಸ್-ರೇ ತೆಗೆದು ಸುಣ್ಣಗಟ್ಟಿದ ಡಿಸ್ಕ್‌ಗಳನ್ನು ಎಣಿಸುತ್ತಾರೆ. ನೀವೋ ಫೋನಿನಲ್ಲಿ ಬಂದ ಫೋಟೋದಲ್ಲಿ ಮರಿಯ ಬಣ್ಣ ನೋಡಿ ಮುಂಗಡ ಕಳಿಸುತ್ತೀರಿ. ತಾಯಿತಂದೆ ನಾಯಿಗಳ ಬೆನ್ನಿನ ಎಕ್ಸ್-ರೇ ಕೇಳಿ. ತೋರಿಸದವರಿಂದ ಮರಿ ತರಬೇಡಿ.