ನದಿಯ ದಾರಿ, ರೈಲಿನ ದಾರಿ

ಹಿಮಾಲಯದ ತಪ್ಪಲಿನಲ್ಲಿರುವ ಸಿಲಿಗುರಿ ಪಟ್ಟಣದಿಂದ ಒಂದು ಕಾಲದಲ್ಲಿ ಎರಡು ಪುಟ್ಟ ರೈಲುಮಾರ್ಗಗಳು ಬೆಟ್ಟದ ಕಡೆಗೆ ಹೊರಡುತ್ತಿದ್ದುವು. ಎರಡರಲ್ಲಿಯೂ ಕಂಬಿಗಳ ನಡುವಣ ಅಂತರ ಎರಡೇ ಅಡಿ. ಎರಡನ್ನೂ ನಡೆಸುತ್ತಿದ್ದ ಸಂಸ್ಥೆಯೂ ಒಂದೇ. ಮೊದಲನೆಯದು ಡಾರ್ಜಿಲಿಂಗಿಗೆ ಏರುವ, ಇಂದು ಜಗತ್ಪ್ರಸಿದ್ಧವಾಗಿರುವ ಮಾರ್ಗ. ಎರಡನೆಯದು ತೀಸ್ತಾ ನದಿಯ ಕಣಿವೆಯೊಳಗೆ ಸಾಗಿ, ಕಾಲಿಂಪಾಂಗ್ ಬೆಟ್ಟದ ಸಮೀಪದ ಗೇಲ್‌ಖೋಲಾ ಎಂಬಲ್ಲಿ ಕೊನೆಗೊಳ್ಳುತ್ತಿತ್ತು. ಮೊದಲನೆಯದು ಮಳೆಗಾಲದಲ್ಲಿ ಹಲವು ಸಲ ಮುರಿದುಬಿದ್ದಿದೆ. ಅಷ್ಟೇ ಸಲ ಎದ್ದು ನಿಂತಿದೆ. ಎರಡನೆಯದು 1950ರ ಪ್ರವಾಹಕ್ಕೆ ತುತ್ತಾಯಿತು, ಮರಳಿ ಬರಲಿಲ್ಲ. ಒಂದು ಉಳಿದದ್ದೇಕೆ, ಇನ್ನೊಂದು ಅಳಿದದ್ದೇಕೆ ಎಂಬುದು ಹಳೆಯ ಉಗಿಬಂಡಿಗಳ ಅಭಿಮಾನಿಗಳು ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ.

ಡಾರ್ಜಿಲಿಂಗ್ ಮಾರ್ಗದ ಕೆಲಸ 1879ರಲ್ಲಿ ಆರಂಭವಾಗಿ 1881ರಲ್ಲಿ ಮುಗಿಯಿತು. ಅದರ ಯೋಜನೆಯನ್ನು ಮುಂದಿಟ್ಟವನು ಫ್ರಾಂಕ್ಲಿನ್ ಪ್ರೆಸ್ಟೇಜ್. ಬೆಟ್ಟವನ್ನು ಸೀಳಿಕೊಂಡು ಹೋಗುವ ಹಟ ಆತನಿಗಿರಲಿಲ್ಲ. ಆ ವೇಳೆಗಾಗಲೇ ಇದ್ದ ಬಂಡಿರಸ್ತೆಯ ಪಕ್ಕದಲ್ಲಿಯೇ ಕಂಬಿಗಳನ್ನು ಹಾಸಲಾಯಿತು. ಏರು ಕಡಿದಾದೆಡೆಯಲ್ಲಿ ಮಾರ್ಗ ಒಂದು ಸುತ್ತು ಸುತ್ತಿ ತನ್ನ ಮೇಲೆಯೇ ಹಾದುಹೋಗುತ್ತದೆ. ಸುತ್ತುವುದಕ್ಕೂ ಸ್ಥಳವಿಲ್ಲದೆಡೆ ರೈಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಚಲಿಸಿ ಮೆಟ್ಟಿಲು ಹತ್ತುವಂತೆ ಮೇಲೇರುತ್ತದೆ. ಹೀಗೆ ಏರುತ್ತ ಏರುತ್ತ ಅದು 2,258 ಮೀಟರ್ ಎತ್ತರದ ಘೂಮ್ ನಿಲ್ದಾಣವನ್ನು ಮುಟ್ಟುತ್ತದೆ. ಒಂದೂ ಸುರಂಗವಿಲ್ಲದೆ ಸಾಧಿಸಿದ ಈ ಏರಿಕೆಗೆ 1999ರಲ್ಲಿ ವಿಶ್ವ ಪರಂಪರೆಯ ಗೌರವ ದೊರೆಯಿತು.

ಗೌರವ ದೊರೆತ ಮಾತ್ರಕ್ಕೆ ಮಳೆ ರಿಯಾಯಿತಿ ತೋರಿಸುವುದಿಲ್ಲ. ಈ ಮಾರ್ಗದ ಮೂಲ ಸುತ್ತುಗಳಲ್ಲೊಂದು 1942ರಲ್ಲಿಯೂ, ಮತ್ತೊಂದು 1991ರಲ್ಲಿಯೂ ಪ್ರವಾಹದ ಹಾನಿಯಿಂದ ಇಲ್ಲವಾದುವು. 1968ರ ಅಕ್ಟೋಬರ್ ತಿಂಗಳ ಮಹಾಮಳೆಯಲ್ಲಿ ಸಿಲಿಗುರಿ–ಡಾರ್ಜಿಲಿಂಗ್ ರಸ್ತೆ 92 ಕಡೆಗಳಲ್ಲಿ ಕಡಿದುಹೋಯಿತು. ಪಾಗ್ಲಾ ಝೋರಾ ಎಂಬ ಸ್ಥಳದಲ್ಲಿ 2010ರಲ್ಲಿ ಗುಡ್ಡ ಜಾರಿತು. ಬೆಟ್ಟದ ಬುಡದಿಂದ ತುದಿಯವರೆಗಿನ ಪೂರ್ಣ ಓಡಾಟ ಮತ್ತೆ ಆರಂಭವಾದುದು 2015ರ ಕೊನೆಗೆ. ಪಾಗ್ಲಾ ಝೋರಾ ಎಂದರೆ ಹುಚ್ಚು ತೊರೆ. ಅಂತಹ ಹೆಸರಿನ ಸ್ಥಳದಲ್ಲಿಯೇ ಕಂಬಿ ಹಾಸಿದವರ ಧೈರ್ಯವನ್ನು ಮೆಚ್ಚಬೇಕೋ, ಮರೆವನ್ನು ಆಕ್ಷೇಪಿಸಬೇಕೋ ಹೇಳುವುದು ಕಷ್ಟ.

ಆದರೂ ಆ ಮಾರ್ಗ ಉಳಿದುಕೊಂಡಿದೆ. ಕಲ್ಲು ಗಟ್ಟಿಯಾಗಿತ್ತೆಂದಾಗಲಿ, ಕಟ್ಟಿದವರು ಅಸಾಧಾರಣರೆಂದಾಗಲಿ ಅದು ಉಳಿದದ್ದಲ್ಲ. ಅದು ಬೆಟ್ಟದ ಬೆನ್ನುಗಳನ್ನು ಹಿಡಿದು ಏರುವುದರಿಂದ ಅದಕ್ಕೆ ಎದುರಾಗುವ ನೀರು ತೊರೆತೊರೆಯಾಗಿ, ಬೇರೆಬೇರೆಯಾಗಿ ಬರುತ್ತದೆ. ಮೋರಿಯ ಬಾಯಿಗೆ ಮರವೋ ಬಂಡೆಯೋ ಸಿಕ್ಕಿಕೊಂಡರೆ ನೀರು ಏರಿಯ ಹಿಂದೆ ಕೆರೆಯಂತೆ ನಿಂತು, ಕೊನೆಗೆ ಏರಿಯನ್ನೇ ಒಡೆದುಕೊಂಡು ನುಗ್ಗುತ್ತದೆ. ಅಲ್ಲಿ ಒಂದಷ್ಟು ಉದ್ದದ ಮಾರ್ಗ ನಾಶವಾಗುತ್ತದೆ. ಅದರಾಚೆ ಕಂಬಿ ಹಾಗೆಯೇ ಇರುತ್ತದೆ. ಹಾರೆ, ಬುಟ್ಟಿ ಹಿಡಿದ ಕೂಲಿಗಳ ಗುಂಪೊಂದು ತಿಂಗಳುಗಟ್ಟಲೆ ದುಡಿದರೆ ಅದನ್ನು ಸರಿಪಡಿಸಬಹುದು. ಹಗುರವಾದ ಕಂಬಿ, ಚಿಕ್ಕ ಬಂಡಿ, ಮಂದಗತಿ ಇವೆಲ್ಲ ದೌರ್ಬಲ್ಯಗಳೆಂದು ಕಂಡರೂ ಆಪತ್ತಿನಲ್ಲಿ ಅವೇ ಅದನ್ನು ಕಾಪಾಡಿದುವು. ಕಟ್ಟಿದವನ ಹೆಸರು ಪುಸ್ತಕಗಳಲ್ಲಿದೆ. ನೂರು ವರ್ಷಗಳಿಗೂ ಮೀರಿ ಮಳೆಗಾಲದಲ್ಲಿ ಮೋರಿಗಳ ಕಸ ತೆಗೆದವರ ಹೆಸರು ಎಲ್ಲಿಯೂ ಇಲ್ಲ. ಮಾರ್ಗ ಹೆಚ್ಚಾಗಿ ಋಣಿಯಾಗಿರುವುದು ಈ ಎರಡನೆಯವರಿಗೆ.

ತೀಸ್ತಾ ಕಣಿವೆಯ ಮಾರ್ಗದ ಸಂಗತಿ ಬೇರೆ. 1915ರಲ್ಲಿ ತೆರೆದ ಈ ಮಾರ್ಗಕ್ಕೆ ನದಿಯ ದಂಡೆಯೇ ಸುಲಭದ ದಾರಿಯಾಗಿ ಕಂಡಿತು. ಸುತ್ತುಗಳಿಲ್ಲ, ಹಿಮ್ಮೆಟ್ಟಿ ಏರುವ ಕಷ್ಟವಿಲ್ಲ. ನೀರು ಸಾವಿರಾರು ವರ್ಷಗಳಿಂದ ಕೊರೆದಿಟ್ಟ ಕಣಿವೆ ಕೈಬೀಸಿ ಕರೆಯುತ್ತಿತ್ತು. ಟಿಬೆಟ್ಟಿನಿಂದ ಹೇಸರಗತ್ತೆಗಳ ಬೆನ್ನಿನ ಮೇಲೆ ಕಾಲಿಂಪಾಂಗಿಗೆ ಬರುತ್ತಿದ್ದ ಉಣ್ಣೆ ಬಯಲುಸೀಮೆಯನ್ನು ಸೇರಲು ಇಂತಹದೊಂದು ರೈಲು ಬೇಕಾಗಿಯೂ ಇತ್ತು. ಆದರೆ ಆ ಕಣಿವೆಗೆ ಒಬ್ಬ ಹಳೆಯ ಒಡೆಯನಿದ್ದನೆಂಬುದು ಗೊತ್ತಿರದ ವಿಷಯವೇನಲ್ಲ. 1787ರ ಮಹಾಪ್ರವಾಹದಲ್ಲಿ ತೀಸ್ತಾ ಗಂಗೆಯ ಕಡೆಗಿದ್ದ ತನ್ನ ಹರಿವನ್ನು ಬಿಟ್ಟು ಬ್ರಹ್ಮಪುತ್ರದ ಕಡೆಗೆ ತಿರುಗಿತ್ತು. ತನ್ನ ಪಾತ್ರವನ್ನೇ ತೊರೆಯಬಲ್ಲ ನದಿ ದಂಡೆಯ ಮೇಲಿನ ಎರಡಡಿ ಅಗಲದ ಕಂಬಿಗೆ ದಾಕ್ಷಿಣ್ಯ ತೋರಿಸೀತೆ?

ದೊಡ್ಡ ನದಿಯ ಪ್ರಹಾರ ಚಿಕ್ಕ ತೊರೆಯ ಪ್ರಹಾರದಂತಲ್ಲ. ಉಕ್ಕಿ ಬಂದ ಪ್ರವಾಹ ಮೊದಲು ಇಳಿಜಾರಿನ ಪಾದವನ್ನು ಕೊರೆಯುತ್ತದೆ. ಪಾದದ ಆಸರೆ ತಪ್ಪಿದ ಮೇಲೆ, ಮಳೆಯಲ್ಲಿ ನೆನೆದು ಭಾರವಾದ ಮಣ್ಣು ಮೇಲಿನಿಂದ ತಾನಾಗಿಯೇ ಇಳಿಯುತ್ತದೆ. ನದಿಯ ಉದ್ದಕ್ಕೂ ಸಾಗುವ ಮಾರ್ಗಕ್ಕೆ ಈ ಅಪಾಯವೂ ಉದ್ದಕ್ಕೂ ಇರುತ್ತದೆ. 1950ರಲ್ಲಿ ಆದ ಹಾನಿಯನ್ನು ತುಂಬಿಕೊಡುವ ಗೋಜಿಗೆ ಯಾರೂ ಹೋಗಲಿಲ್ಲ, ಮಾರ್ಗವನ್ನು ಕೈಬಿಡಲಾಯಿತು. ಆ ನಿರ್ಣಯ ತಪ್ಪೆಂದು ಹೇಳುವುದು ಸುಲಭವಲ್ಲ. ಅದೇ ಜಾಗದಲ್ಲಿ ಅದೇ ರೀತಿ ಮತ್ತೆ ಕಟ್ಟಿದ್ದರೆ 1968ರಲ್ಲಿ ಮತ್ತೊಮ್ಮೆ ಕಳೆದುಕೊಳ್ಳಬೇಕಾಗುತ್ತಿತ್ತು. ಆ ವರ್ಷ ತೀಸ್ತಾ ಇದೇ ಕಣಿವೆಯ ಆಂಡರ್ಸನ್ ಸೇತುವೆಯನ್ನು ಹೊತ್ತೊಯ್ದು, ಅಕ್ಟೋಬರ್ 4ರ ರಾತ್ರಿ ಬಯಲಿನ ಜಲ್ಪಾಯ್‌ಗುರಿ ಪಟ್ಟಣವನ್ನು ಮುಳುಗಿಸಿತು. ಬೆಟ್ಟದ ಜನರಿಗೆ ರೈಲು ತಪ್ಪಿದ್ದು ನಷ್ಟವೇ ಸರಿ. ತಪ್ಪು ಇರುವುದು ಬೇರೆ ಕಡೆ: ಮಾರ್ಗದೊಡನೆ ಅದರ ಅನುಭವವನ್ನೂ ಕೈಬಿಟ್ಟದ್ದರಲ್ಲಿ. ಇಂತಹ ನಾಶಕ್ಕೆ ‘ಪ್ರಕೃತಿಯ ಮುನಿಸು’ ಎಂದು ಹೆಸರಿಟ್ಟುಬಿಟ್ಟರೆ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ನದಿ ಮುನಿಯುವುದಿಲ್ಲ; ತನ್ನ ಪಾತ್ರದಲ್ಲಿ ಹರಿಯುತ್ತದೆ. ಆ ಪಾತ್ರದ ಅಗಲ ಎಷ್ಟೆಂಬುದನ್ನು ಬೇಸಗೆಯ ನೀರನ್ನು ನೋಡಿ ನಿರ್ಧರಿಸುವವನು ಮನುಷ್ಯ.

ಈ ಮಾತು ಹಳೆಯ ಕಥೆಯೊಡನೆ ಮುಗಿಯುವುದಿಲ್ಲ. ಸಿವೋಕ್‌ನಿಂದ ಸಿಕ್ಕಿಮಿನ ರಂಗ್ಪೋವರೆಗೆ, ಇದೇ ತೀಸ್ತಾ ಕಣಿವೆಯಲ್ಲಿ, ಸುಮಾರು 45 ಕಿಲೋಮೀಟರ್ ಉದ್ದದ ಹೊಸ ರೈಲುಮಾರ್ಗಕ್ಕೆ 2009ರಲ್ಲಿ ಶಂಕುಸ್ಥಾಪನೆಯಾಯಿತು. ರೈಲನ್ನೇ ಕಾಣದ ಸಿಕ್ಕಿಂ ರಾಜ್ಯದ ಬಯಕೆ ನ್ಯಾಯವಾದುದು. ಈ ಸಲ ಯೋಜಕರು ದಂಡೆಯನ್ನು ನೆಚ್ಚಿಕೊಳ್ಳದೆ ಮಾರ್ಗದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು 14 ಸುರಂಗಗಳೊಳಗೆ ಇಟ್ಟರು. ಅದು ವಿವೇಕದ ಹೆಜ್ಜೆ. ಆದರೆ ಸುರಂಗಕ್ಕೂ ಬಾಯಿಯುಂಟು, ಸುರಂಗಗಳ ನಡುವೆ ಸೇತುವೆಗಳುಂಟು, ಅಗೆದು ತೆಗೆದ ಕಲ್ಲುಮಣ್ಣನ್ನು ಎಲ್ಲಿಯಾದರೂ ಹಾಕಲೇಬೇಕು. 2023ರ ಅಕ್ಟೋಬರ್ 3ರ ರಾತ್ರಿ, ಜಲ್ಪಾಯ್‌ಗುರಿ ಮುಳುಗಿದ 55 ವರ್ಷಗಳ ಮೇಲೆ ಹೆಚ್ಚುಕಡಿಮೆ ಅದೇ ದಿನ, ಉತ್ತರ ಸಿಕ್ಕಿಮಿನ ದಕ್ಷಿಣ ಲೋನಾಕ್ ಹಿಮಸರೋವರ ಒಡೆಯಿತು. ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್ ವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ನದಿಯ ಪಾತ್ರ ಹೂಳು ತುಂಬಿ ಮೇಲೇರಿತು. ಎಂದರೆ, ಮುಂದಿನ ಪ್ರವಾಹ ಹಿಂದಿನಷ್ಟೇ ನೀರು ತಂದರೂ ಹಿಂದಿಗಿಂತ ಎತ್ತರದಲ್ಲಿ ಹರಿದೀತು. 2009ರಲ್ಲಿ ಅಳೆದ ನೀರಿನ ಮಟ್ಟವನ್ನು ನಂಬಿ ಸೇತುವೆಗಳ ಎತ್ತರವನ್ನು ನಿಗದಿಮಾಡಿದವರು ಆ ಲೆಕ್ಕವನ್ನು ಮತ್ತೆ ಮಾಡಬೇಕು. ಹಾಗೆ ಮಾಡುವಾಗ 1950ರ, 1968ರ ಮತ್ತು 2023ರ ನೀರಿನ ಗುರುತುಗಳನ್ನು ಒಂದೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಆ ಕಾಗದವನ್ನು ತೀಸ್ತಾ ಬಜಾರಿನ ದಂಡೆಯಲ್ಲಿ ಮನೆಮಾಡಿಕೊಂಡವರಿಗೂ ತೋರಿಸಬೇಕು.